ತಳದಿಂದ ತುಂಬಬೇಕಾದ ಗಾಯ

ನಮ್ಮ ಭಾವನ ಹೊಟ್ಟೆಗೆ ಕುಡಗೋಲು ಬಿದ್ದಾಗ ನಾನು ಬುತ್ತಿಯ ಗಂಟನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆಯೇ ನಿಂತಿದ್ದೆ. ಭಾವ ಅಂದರೆ ನನ್ನ ಗಂಡನ ಅಣ್ಣ, ನಾವಿದ್ದ ಕೂಡುಮನೆಯ ಯಜಮಾನ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಿಂದ ಒಳಗೆ ಸರಿದ ಊರು ನಮ್ಮದು. ಕಾಲುವೆ ಬರುತ್ತದೆ, ಎರೆಹೊಲದಲ್ಲಿ ನೆಲ್ಲು ಬೆಳೆಯುತ್ತದೆ ಎಂದು ಸರ್ವೆಯವರು ಹೊಲಹೊಲದಲ್ಲಿ ಕಲ್ಲು ನೆಟ್ಟುಹೋದ ವರ್ಷ ಅದು. ನೀರು ಬರುವ ಮೊದಲು ನಮ್ಮ ಬದುವಿಗೆ ರಕ್ತ ಬಂತು.

ಭಾವ ಅಂಥಿಂಥ ದಪ್ಪದ ಮನುಷ್ಯನಲ್ಲ. ಬಾಗಿಲಲ್ಲಿ ಓರೆಯಾಗಿ ಬರುತ್ತಿದ್ದ. ಬಂಡಿ ಹತ್ತಿದರೆ ಎತ್ತುಗಳು ಹಿಂದಿರುಗಿ ನೋಡುತ್ತಿದ್ದವು. ಹೊಟ್ಟೆ ಧೋತರದ ಗಂಟನ್ನು ಮುಚ್ಚಿ ತೊಡೆಯ ಮೇಲೆ ಮಡಿಕೆಯಾಗಿ ಬಿದ್ದಿರುತ್ತಿತ್ತು. ಆಗ ಅದು ನಾಚಿಕೆಯ ಮಾತಾಗಿರಲಿಲ್ಲ, ನೋಡಿ. ಉಂಡು ತಿಂದ ಮನೆ ಅನ್ನುವುದಕ್ಕೆ ಅದೇ ಸಾಕ್ಷಿ. ಬಡಕಲು ಗಂಡಸನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು.

ಆಚೆ ಹೊಲದವನು ಅಂಥ ಬಡಕಲು. ಅವನ ಕಡೆಯವರು ಸರ್ವೆಯ ಕಲ್ಲನ್ನು ನಮ್ಮ ಕಡೆಗೆ ಸರಿಸಿದ್ದಾರೆಂದು ಭಾವನ ಸಿಟ್ಟು.

"ಕಲ್ಲಿಗೆ ಕಾಲು ಬಂದಾವೇನಲೇ?" ಎಂದ ಭಾವ.

"ಕಾಲು ನಿನಗ ಇನ್ನೆರಡು ಬರಬೇಕು, ಆ ಹೊಟ್ಟಿ ಹೊತಗೊಂಡು ಅಡ್ಯಾಡಾಕ," ಎಂದ ಅವನು.

ಭಾವನ ಕೈಯಲ್ಲಿ ಸಲಿಕೆ ಇತ್ತು. ಅದರ ಅಂಚು ಅವನ ನೆತ್ತಿಯ ಮೇಲೆ ಬಿದ್ದದ್ದನ್ನು ಕಂಡೆ. ಚರ್ಮ ಸೀಳಿ ಎಲುಬಿನ ಬಿಳುಪು ಕಾಣಿಸಿತು. ಬೀಳಬೇಕಾದವನು ಬೀಳಲಿಲ್ಲ. ಕಣ್ಣ ಮೇಲೆ ರಕ್ತ ಸುರಿಯುತ್ತಿರಲು, ಏನೂ ಕಾಣದೆಯೇ ಕೈಯಲ್ಲಿದ್ದ ಕುಡಗೋಲನ್ನು ಅಡ್ಡಡ್ಡ ಬೀಸಿದ. ಒದ್ದೆ ಚೀಲ ಹರಿದಂಥ ಸದ್ದು. ಭಾವನ ಪಕ್ಕೆಯಿಂದ ಹೊಟ್ಟೆಯ ಮಡಿಕೆಯವರೆಗೆ ಅಂಗಿ ತೆರೆದುಕೊಂಡಿತು, ಅಂಗಿಯ ಕೆಳಗೆ ಮೈ ತೆರೆದುಕೊಂಡಿತು. ಮೊದಲು ರಕ್ತ ಬರಲಿಲ್ಲ. ಹಳದಿ ಕೊಬ್ಬು ಬೆಣ್ಣೆಮುದ್ದೆಗಳ ಹಾಗೆ ಹೊರಗೆ ತಳ್ಳಿಕೊಂಡು ಬಂತು. ಆಮೇಲೆ ಅದರ ಸಂದಿಯಿಂದ ರಕ್ತ. ಭಾವ ಅದನ್ನು ಎರಡೂ ಕೈಯಿಂದ ಒಳಗೆ ಒತ್ತಿಕೊಳ್ಳುತ್ತಾ ಕುಳಿತ. ಅಷ್ಟರಲ್ಲಿ ನನ್ನ ಗಂಡ ಹೊಲದ ಆ ತುದಿಯಿಂದ ಓಡಿಬಂದು ಆಚೆ ಹೊಲದವನನ್ನು ಕೆಡವಿ, ಎದೆಯ ಮೇಲೆ ಕೂತು, ಕೈಗೆ ಸಿಕ್ಕ ಕಲ್ಲಿನಿಂದ ಬಾಯಿಗೆ ಜಜ್ಜತೊಡಗಿದ್ದರು. ಸುತ್ತಲಿನ ಹೊಲದವರು ಎಳೆಯದಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು.

ಠಾಣೆಗೆ ಯಾರೂ ಹೋಗಲಿಲ್ಲ. ಕೆಲವೇ ವರ್ಷಗಳ ಹಿಂದೆ, ನಿಜಾಮನ ಕಾಲದ ಗಲಭೆಯಲ್ಲಿ, ಖಾಕಿ ಬಟ್ಟೆ ಕಂಡರೆ ಮನೆ ಬಿಟ್ಟು ಓಡಿದ ಊರು ಅದು. ಹಿರಿಯರು ಮಠದ ಕಟ್ಟೆಯ ಮೇಲೆ ಕೂತು ಹಳೆಯ ಕಟ್ಟಳೆ ಹೇಳಿದರು. ಎರಡೂ ಮನೆಯ ಕೊಡಲಿ, ಕುಡಗೋಲು, ಸಲಿಕೆ ಮಠಕ್ಕೆ ಬರಬೇಕು. ಎರಡೂ ಗಾಯ ಒಣಗಿ, ಗಾಯಾಳುಗಳಿಬ್ಬರೂ ತಮ್ಮ ತಮ್ಮ ಮನೆಯಲ್ಲಿ ಜಳಕ ಮಾಡಿದ ಮೇಲೆ ರಾಜಿ. ಆಗ ಹಿರಿಯರ ಎದುರಿಗೆ ಒಬ್ಬರ ಗಾಯದ ಕಲೆಯ ಮೇಲೆ ಇನ್ನೊಬ್ಬರು ನೀರು ಹಾಕಬೇಕು. ಅಲ್ಲಿಯವರೆಗೆ ಯಾರೂ ಯಾರ ಮೇಲೂ ಕೈ ಎತ್ತಬಾರದು. ಆದರೆ ಇಬ್ಬರಲ್ಲಿ ಒಬ್ಬ ಸತ್ತರೆ ರಾಜಿ ಇಲ್ಲ, ಕಟ್ಟಳೆಯೂ ಇಲ್ಲ.

ನನ್ನ ಗಂಡ ಅಲ್ಲೇ ಎದ್ದುನಿಂತು, ಅಣ್ಣನ ರಕ್ತ ಹತ್ತಿದ್ದ ಕೈ ಎತ್ತಿ, "ಅಣ್ಣಗ ಏನರ ಆದ್ರ, ಅವನ್ನ ಕಡದಽ ನಾ ನೀರು ಕುಡಿಯಾಂವ," ಎಂದರು.

"ಈಗಽ ಒಂದು ಗುಟುಕು ಕುಡಿಯಪ್ಪ, ನಿಮ್ಮಣ್ಣ ಇನ್ನೂ ಬೈಯಾಕತ್ತಾನ," ಎಂದ ಒಬ್ಬ ಹಿರಿಯ. ಜನ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಗಂಡ ಆಡಿದ ಮಾತು ಬಿಡುವವರಲ್ಲ. ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು. ಭಾವನ ಗಾಯ ಒಣಗಿದರೆ ಅವಳಿಗೆ ಅಪ್ಪ ಉಂಟು. ಒಣಗದಿದ್ದರೆ ಅವಳಪ್ಪ ಕೊಲೆಗಾರ, ಇಲ್ಲವೇ ಹೆಣ. ನನಗಿದ್ದದ್ದು ಅಷ್ಟೇ ಲೆಕ್ಕ.

ಗಾಯಕ್ಕೆ ಅರಿಸಿನ, ವಿಭೂತಿ, ತುಪ್ಪ ತುಂಬಿ ಹಳೆಯ ಧೋತರ ಸುತ್ತಿ ಬಿಗಿದರು. ಕರುಳಿಗೆ ಪೆಟ್ಟು ಬಿದ್ದಿರಲಿಲ್ಲ. "ಕೊಬ್ಬಽ ಕಾಪಾಡ್ತು. ನನ್ನಂಥ ಸಣಕಲ ಇದ್ದಿದ್ರ ಬೆನ್ನಾಗ ಹಾದು ಹೋಗತಿತ್ತು," ಎಂದು ನೋಡಲು ಬಂದವರೆಲ್ಲ ಹೇಳಿ, ಕೊಬ್ಬಿಗೆ ಕೈಮುಗಿದಂತೆ ಹೋದರು. ಹಾಗಾಗಿ ಅದನ್ನು ಇನ್ನಷ್ಟು ಬೆಳೆಸುವುದೇ ಔಷಧ ಎಂದು ಎಲ್ಲರೂ ತಿಳಿದರು. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ರಕ್ತ ಹೋದವರಿಗೆ ರಕ್ತ ತುಂಬಬೇಕು ಎಂದು ಬಾಣಂತಿಗೆ ಮಾಡಿದ ಹಾಗೆ ಒಲೆ ಹೂಡಿದಳು. ಬೆಳಗಾದರೆ ತುಪ್ಪ ತೇಲುವ ಶಿರಾ, ಮಧ್ಯಾಹ್ನ ಹೋಳಿಗೆ, ನಡುನಡುವೆ ಅಂಟಿನುಂಡಿ.

"ಏನು ಹಡದೀನಿ ನಾನು? ಗಂಡೋ ಹೆಣ್ಣೋ, ಅದನ್ನರ ಹೇಳ್ರಿ," ಎನ್ನುತ್ತಿದ್ದ ಭಾವ, ಉಂಡಿ ಕಡಿಯುತ್ತಾ.

"ಬಾಯಿ ಮುಚಗೊಂಡು ತಿನ್ರಿ. ತಿಂದಷ್ಟು ಲಗೂನ ಮಾಯತೈತಿ," ಎನ್ನುತ್ತಿದ್ದಳು ನೆಗೆಣ್ಣಿ.

ಆಚೆ ಮನೆಯವನಿಗೆ ಉಂಡಿ ಕಟ್ಟುವವರಿರಲಿಲ್ಲ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಎಲುಬು ಕಂಡಿದ್ದ ಆ ನೆತ್ತಿ ಜೋಳದ ತೆನೆ ಹಾಲುಗಟ್ಟಿದಾಗಲೇ ಹೆಕ್ಕಳೆಗಟ್ಟಿ, ತೆನೆ ಕಾಳಾಗುವ ಹೊತ್ತಿಗೆ ಹೆಕ್ಕಳೆಯೂ ಉದುರಿತ್ತು. ಜಳಕ ಮಾಡಿ, ಎಣ್ಣೆ ಹಚ್ಚಿಕೊಂಡು, ಮುರಿದ ಹಲ್ಲಿನ ಬಾಯಿಯಲ್ಲೇ ನಗುತ್ತಾ ಓಣಿಯಲ್ಲಿ ನಡೆದ. ಅವನ ಮನೆಯ ಹೆಂಗಸೊಬ್ಬಳು ಬಾವಿಯ ಹತ್ತಿರ ನಮಗೆ ಕೇಳಿಸುವಂತೆ ಅಂದಳು: "ನಮ್ಮವರದು ಜಳಕ ಆತವ್ವ. ಆನಿ ಇನ್ನೂ ಮಲಗೇತಂತ."

ಈ ಮಾತು ಭಾವನ ಕಿವಿಗೆ ಮುಟ್ಟಿತು.

ಗಾಯ ಮೇಲಿನಿಂದ ಮುಚ್ಚಿದ ಹಾಗೇ ಕಾಣುತ್ತಿತ್ತು. ಅಂಚಿಗೆ ಅಂಚು ಕೂಡಿ ಒಣಗಿದ ಗೆರೆ. ಆದರೆ ಗಾಯಕ್ಕೆ ಕಟ್ಟಿದ ಬಟ್ಟೆಗಳನ್ನು ಒಗೆಯುತ್ತಿದ್ದವಳು ನಾನು. ಹೊಟ್ಟೆಯ ಮಡಿಕೆಯ ಕೆಳಗಿನ ಭಾಗ ಯಾವಾಗಲೂ ಬೆವರಿನಿಂದ ಒದ್ದೆ. ಅದರಲ್ಲಿ ಬೆವರಲ್ಲದ ಇನ್ನೊಂದು ವಾಸನೆ, ಕೊಳೆತ ಹಣ್ಣಿನಂತೆ ಸಿಹಿಯಾದದ್ದು, ಸೇರಿಕೊಂಡಿತ್ತು. ಗಂಡನಿಗೆ ಹೇಳಿದೆ.

"ಮುಚ್ಚಿದ ಗಾಯಕ್ಕ ಯಾಕ ಬಾಯಿ ತಗಸತಿ?" ಎಂದು ರೇಗಿದರು.

ಭಾವ ಕೂಗಿಯೇಬಿಟ್ಟ: "ನೀರು ಕಾಸ್ರಿ! ನಂದೂ ಜಳಕ ಐತಿ ಇವತ್ತ!"

ಹಂಡೆಗಟ್ಟಲೆ ಬಿಸಿನೀರು ಹಾಕಿ, ಇಬ್ಬರು ಆಳುಗಳು ಮೈ ತಿಕ್ಕಿದರು. ಓಣಿಗೆಲ್ಲ ಕೇಳಲೆಂದು ಭಾವ ಜೋರಾಗಿ ಶಿವನಾಮ ಹೇಳಿದ. ಮರುದಿನ ಜ್ವರ ಬಂತು. ಅದರ ಮರುದಿನ ಹೋಳಿಗೆಯ ತಾಟಿನ ಮುಂದೆ ಕೂತು, ತುಪ್ಪ ಹಾಕಿಸಿಕೊಳ್ಳಲು ಮುಂದೆ ಬಾಗಿದ. ಒಣಗಿದ ಗೆರೆ ಬಿರಿಯಿತು. ಕೀವು ಚಿಮ್ಮಿ ತಾಟಿನೊಳಗೇ ಬಿತ್ತು. ನೆಗೆಣ್ಣಿ ತುಪ್ಪದ ಗಿಂಡಿಯನ್ನು ಕೈಬಿಟ್ಟು ಚೀರಿದಳು.

ಬಂಡಿ ಕಟ್ಟಿದೆವು. ಮಸ್ಕಿ ದಾಟಿ ಲಿಂಗಸುಗೂರಿನ ಸರಕಾರಿ ದವಾಖಾನೆಯವರೆಗೆ ಆ ದಾರಿ. ಗಾಲಿ ಕೊರಕಲಿಗೆ ಇಳಿದಾಗಲೆಲ್ಲ ಭಾವ ಎತ್ತುಗಳನ್ನೂ, ಬಂಡಿ ಹೊಡೆಯುತ್ತಿದ್ದ ತಮ್ಮನನ್ನೂ, ಅವರಿಬ್ಬರನ್ನು ಹೆತ್ತವಳನ್ನೂ ಬೈದ. ಮಸ್ಕಿ ದಾಟಿದ ಮೇಲೆ ಬೈಗುಳ ನಿಂತಿತು. ಆಗಲೇ ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು. ನನ್ನ ಗಂಡ ತಿರುಗಿ ನೋಡದೆ ಹೇಳಿದರು: "ಅಣ್ಣ ಹೋದ್ರ ನೀ ಕೂಸಿನ್ನ ಕರಕೊಂಡು ಮುದಗಲ್ಲಿಗೆ ಹೋಗಿಬಿಡು." ಮುದಗಲ್ಲು ನನ್ನ ತವರು. ಭಾವನ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತೆ.

ಡಾಕ್ಟರು ಹೈದರಾಬಾದಿನ ಕಡೆಯವರು, ಮುಂಗೋಪಿ. ಗಾಯದ ಬಿರುಕಿನಲ್ಲಿ ಒಂದು ಕಡ್ಡಿ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು. ಜೋಳ ತುಂಬಿಡಲು ನೆಲದಲ್ಲಿ ತೋಡುವ ಹಗೇವು ನೆನಪಾಯಿತು ನನಗೆ: ಮೇಲೆ ಸಣ್ಣ ಬಾಯಿ, ಒಳಗೆ ಕೋಣೆಯಷ್ಟು ಗುಂಡಿ. ಮೂಗಿಗೆ ಔಷಧ ಹಿಡಿದು ಪೂರ್ತಿ ನಿದ್ದೆ ಬರಿಸಲು ಅವರು ಒಪ್ಪಲಿಲ್ಲ. ಇಷ್ಟು ದಪ್ಪದ ಮನುಷ್ಯ, ಉಸಿರು ನಿಂತರೆ ತಿರುಗಿ ಬರಲಿಕ್ಕಿಲ್ಲ ಎಂದರು. ಗಾಯದ ಸುತ್ತ ಮೈ ಮರಗಟ್ಟಿಸುವ ಸೂಜಿ ಚುಚ್ಚಿದರು, ನಾಲ್ವರಿಗೆ ಹಿಡಿದುಕೊಳ್ಳಲು ಹೇಳಿದರು, ಕೊಯ್ದರು.

ತೆರೆದ ಬಾಗಿಲ ಹೊರಗೆ ನಿಂತಿದ್ದ ನನಗೆ ಮೊದಲು ವಾಸನೆ, ಆಮೇಲೆ ಕೂಗು. ಕೊರಳು ಕೊಯ್ಯಿಸಿಕೊಳ್ಳುವ ಎತ್ತೂ ಹಾಗೆ ಕೂಗುವುದಿಲ್ಲ. ಕೈ ಹಿಡಿದಿದ್ದ ನನ್ನ ಗಂಡ ಅಣ್ಣನ ಕೈ ಬಿಟ್ಟು ಡಾಕ್ಟರ ಕುತ್ತಿಗೆಪಟ್ಟಿಗೆ ಕೈ ಹಾಕಿದರು.

"ಕೊಲ್ಲಾಕತ್ತೀಯೇನಲೇ ನಮ್ಮಣ್ಣನ್ನ?"

ಡಾಕ್ಟರು ಕತ್ತಿಯನ್ನು ಅವರ ಕಣ್ಣ ಮುಂದೆ ಹಿಡಿದರು. "ತಗೋ, ನೀನೇ ಕೊಯ್ಯಿ. ಇಲ್ಲಾ ಕೈ ತೆಗಿ. ಕೊಂದವರು ನೀವು, ಮನೆಯಲ್ಲಿ ಕೂಡಿಸಿ ತಿನಿಸಿ ತಿನಿಸಿ."

ಗಂಡ ಕೈ ತೆಗೆದರು. ಕೊಳೆತ ಕೊಬ್ಬು ತಟ್ಟೆತಟ್ಟೆಯಾಗಿ ಹೊರಗೆ ಬಂತು.

ಆಮೇಲೆ ವರಾಂಡದಲ್ಲಿ ಕೈ ತೊಳೆಯುತ್ತಾ ಡಾಕ್ಟರು ನಮಗೆ ಹೇಳಿದ್ದು ಇಂದಿಗೂ ನೆನಪಿದೆ. "ಚರ್ಬಿ ಅಂದರೆ ಕೊಬ್ಬು. ಅದರಲ್ಲಿ ರಕ್ತ ಕಮ್ಮಿ. ರಕ್ತ ಹೋಗದ ಜಾಗ ಬೇಗ ಮಾಯುವುದಿಲ್ಲ. ನೀವು ಹೇಳಿದಿರಲ್ಲ, ಆ ಇನ್ನೊಬ್ಬನ ತಲೆ ನೋಡಿ, ಚರ್ಮ, ಅದರ ಕೆಳಗೆ ಎಲುಬು, ಪೂರಾ ರಕ್ತ. ಮಾಯಿತು. ಇಲ್ಲಿ ಹೊಟ್ಟೆಯ ಭಾರ ಗಾಯವನ್ನು ಜಗ್ಗಿ ಹಿಗ್ಗಿಸುತ್ತದೆ, ಮಡಿಕೆಯ ಬೆವರು ಕೊಳೆಸುತ್ತದೆ. ನೀವು ಬಿಗಿದು ಕಟ್ಟಿ ಮೇಲಿನ ಬಾಯಿ ಮುಚ್ಚಿದಿರಿ. ಇದನ್ನು ತೆರೆದೇ ಇಡಬೇಕು. ತಳದಿಂದ ತುಂಬಿಕೊಂಡು ಬರಬೇಕು. ಬಾಯಿ ಕಡೆಗೆ ಮುಚ್ಚಬೇಕು." ಹಾಗಂತ ಉಪವಾಸ ಕೆಡವಬೇಡಿ ಎಂದೂ ಹೇಳಿದರು. ಬೇಳೆ, ಹಾಲು, ಮೊಸರು, ಸೊಪ್ಪು, ಒಂದೊಂದು ರೊಟ್ಟಿ. ಗಾಯಕ್ಕೆ ಊಟ ಬೇಕು, ಕೊಬ್ಬಿಗೆ ಬೇಡ. ತುಪ್ಪ, ಬೆಲ್ಲ ಮುಟ್ಟಿಸಿದರೆ ತಾನು ಮುಟ್ಟುವುದಿಲ್ಲ ಎಂದರು.

ನನ್ನ ಗಂಡ ಹೊಲ ನೋಡಲು ಊರಿಗೆ ಹೋದರು. ಕೂಸನ್ನು ಕಟ್ಟಿಕೊಂಡು ನಾನು, ನೆಗೆಣ್ಣಿ ಉಳಿದೆವು. ದವಾಖಾನೆಯ ಹಿಂದೆ ಮೂರು ಕಲ್ಲು ಹೂಡಿ ಅಡಿಗೆ. ದಿನಾ ಬೆಳಿಗ್ಗೆ ಇಬ್ಬರು ಗಂಡಸರು ಭಾವನ ಹೊಟ್ಟೆಯನ್ನು ಮೇಲೆತ್ತಿ ಹಿಡಿಯುವರು, ಕಂಪೌಂಡರ್ ಗಾಯದ ಗುಂಡಿಯೊಳಗೆ ತುರುಕಿದ್ದ ಬಟ್ಟೆಯನ್ನು ಎಳೆಯುವನು. ಬಟ್ಟೆ ಮಾಂಸಕ್ಕೆ ಅಂಟಿರುತ್ತಿತ್ತು. ಒಮ್ಮೆ ಭಾವ ನೋವಿಗೆ ಕಂಪೌಂಡರ ಕೈಯನ್ನೇ ಕಚ್ಚಿದ. ಮತ್ತೊಮ್ಮೆ ಹೊಟ್ಟೆ ಹಿಡಿದವನನ್ನು ಒದ್ದು ಗೋಡೆಗೆ ಬಡಿದ. ಬಟ್ಟೆ ಬದಲಾದ ಮೇಲೆ ಹಸಿವಿನ ಕೂಗು.

ಆದರೂ ಗಾಯದ ತಳ ಬೂದಿಯ ಬಣ್ಣ ಬಿಡಲಿಲ್ಲ. ಡಾಕ್ಟರು ದಿನದಿನಕ್ಕೆ ಸಿಡುಕಾದರು. ಒಂದು ಮಧ್ಯಾಹ್ನ ಭಾವನ ತಲೆದಿಂಬು ಕೊಡವಲು ಎತ್ತಿದರೆ ಕೆಳಗೆ ಇರುವೆಸಾಲು, ಅಂಟಿನುಂಡಿಯ ಚೂರು. ಊರಿಂದ ಯಾರೋ ತಂದದ್ದನ್ನು ನೆಗೆಣ್ಣಿ ಸೆರಗಿನಲ್ಲಿಟ್ಟುಕೊಂಡು ಕದ್ದು ತಿನಿಸುತ್ತಿದ್ದಳು.

"ಯಕ್ಕಾ, ಕೊಲ್ಲತೀಯೇನ ಅವರನ್ನ?" ಎಂದೆ.

"ನನ್ನ ಗಂಡ, ನಾ ತಿನಸತೀನಿ. ಹಸದು ಅಳಾಕತ್ತಾರ ಅವರು. ನಿನಗೇನು ಗೊತ್ತು, ನಿನ್ನ ಗಂಡ ಊರಾಗ ಗಟ್ಟಿ ಅದಾನ!"

"ನಿನ್ನ ಗಂಡ ಹೋದ್ರ ನನ್ನ ಗಂಡಾನೂ ಹೋಗತಾನ!"

ಅವಳ ಸೆರಗಿನ ಗಂಟಿಗೆ ಕೈ ಹಾಕಿದೆ. ಅವಳು ನನ್ನ ತುರುಬು ಹಿಡಿದಳು. ವರಾಂಡದ ಕಲ್ಲಿನ ಮೇಲೆ ಇಬ್ಬರೂ ಉರುಳಿದೆವು, ಬಳೆ ಒಡೆದವು, ಕೂಸು ಕಿರುಚಿತು. ರೋಗಿಗಳು ಕೋಲೂರಿಕೊಂಡು ನೋಡಲು ಬಂದರು. ಗಂಟು ನನ್ನ ಕೈಗೆ ಬಂತು. ಉಂಡಿಗಳನ್ನು ಅಂಗಳಕ್ಕೆ ಎಸೆದೆ. ನಾಯಿಗಳು ಬಂದವು. ನೆಗೆಣ್ಣಿ ಅತ್ತುಕೊಂಡು ಅಂದಿನ ಬಸ್ಸಿಗೇ ಊರಿಗೆ ಹೋದಳು.

ಅದನ್ನೆಲ್ಲ ಭಾವ ಕಿಟಕಿಯಿಂದ ನೋಡಿದ್ದ. ನಾನು ಬೇಳೆಯ ಕಟ್ಟು, ರೊಟ್ಟಿ ಇಡಲು ಒಳಗೆ ಹೋದೆ. ಭಾವನ ಎದುರು ನಾನು ಮುಖದ ಮೇಲಿನ ಸೆರಗು ತೆಗೆದವಳಲ್ಲ, ಮಾತಾಡಿದವಳೂ ಅಲ್ಲ. ಸೊಸೆಯಂದಿರಿಗೆ ಅದೇ ನಡತೆ.

"ಉಂಡಿ ತಗೊಂಡು ಬಾ," ಎಂದ.

ತಾಟು ಇಟ್ಟೆ.

"ನಾಯಿಗಿ ಹಾಕತಿ, ನನಗ ಹಾಕಂಗಿಲ್ಲೇನು?"

ಅವನು ಎಸೆದ ಹಿತ್ತಾಳೆಯ ತಂಬಿಗೆ ಬಂದದ್ದು ಸೆರಗಿನಿಂದಾಗಿ ನನಗೆ ಕಾಣಲಿಲ್ಲ. ಹುಬ್ಬಿನ ಮೇಲೆ ಬಡಿಯಿತು. ಕುಕ್ಕರಿಸಿದೆ. ಸೆರಗೆಲ್ಲ ರಕ್ತವಾಯಿತು. ತಮ್ಮನ ಹೆಂಡತಿಯ ಮೈಗೆ ಕೈ ತಾಗಿದರೂ ಪಾಪ ಎನ್ನುವ ಮನೆತನದ ಯಜಮಾನ. ಅವನೂ ದಂಗಾಗಿರಬೇಕು. ಕಂಪೌಂಡರ್ ಓಡಿಬಂದು ಹೊಲಿಗೆ ಹಾಕಿದ. ಸಂಜೆ ಅದೇ ಬೇಳೆಯ ಕಟ್ಟನ್ನು ಮತ್ತೆ ಬಿಸಿ ಮಾಡಿ ಭಾವನ ಮುಂದಿಟ್ಟೆ. ಉಂಡ. ಮಾರನೆಯ ದಿನವೂ ಉಂಡ.

ಹೀಗೇ ಒಂದಿಷ್ಟು ದಿನ ಕಳೆದ ಮೇಲೆ, ಹೊಲಿಗೆ ಬಿಚ್ಚಿಸಿಕೊಂಡು ಬಂದಿದ್ದೆ, ಗೋಡೆಯ ಕಡೆ ಮುಖ ಮಾಡಿಕೊಂಡೇ ಭಾವ ಕೇಳಿದ:

"ನಿಂದು ಹೆಂಗೈತಿ ಯವ್ವಾ?"

"ಒಣಗೈತ್ರಿ."

"ಸೆರಗ ತಗಿ. ನೋಡತೀನಿ."

ತೆಗೆದೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ಸರಿಯಾಗಿ ನೋಡಿದ್ದು. ಅವನ ಕೆನ್ನೆ ಇಳಿದು ತೊಗಲು ಜೋತುಬಿದ್ದಿತ್ತು. ನನ್ನ ಹುಬ್ಬಿನ ಗೆರೆಯನ್ನು ಬಹಳ ಹೊತ್ತು ನೋಡಿದ.

"ನಾನಽ ಹೊಡದದ್ದು ಒಣಗಿ ಹೋತು. ನಂದು ಇನ್ನೂ ಹಸಿ," ಎಂದ. ಆಮೇಲೆ, "ನಾ ಸತ್ರ ನನ್ನ ತಮ್ಮ ಕೊಡ್ಲಿ ತಗೊಂಡು ಹೋಗಾಂವಽ, ಗೊತ್ತೈತಿಲ್ಲ ನಿನಗ?"

"ಗೊತ್ತೈತ್ರಿ ಬಾವಾರ. ಅದಕ್ಕಽ ಉಂಡಿ ಕೊಡಂಗಿಲ್ಲ."

ಭಾವ ನಕ್ಕ. ನಗುವಾಗ ಗಾಯ ಜಗ್ಗಿ, ನಗುತ್ತಲೇ ಹಲ್ಲು ಕಚ್ಚಿ ಬೈದ.

ಕೆಲವು ದಿನಗಳಿಗೆ ಗುಂಡಿಯ ತಳದಲ್ಲಿ ದಾಳಿಂಬೆಕಾಳಿನಂಥ ಕೆಂಪು ಕಾಣಿಸಿತು. ಡಾಕ್ಟರು ನನ್ನನ್ನು ಕರೆದು ತೋರಿಸಿದರು. ಮುಟ್ಟಿದರೆ ರಕ್ತ ಒಸರುವಂಥ ಕೆಂಪು. ಅದೇ ಜೀವ, ಎಂದರು. ಅದು ಏರಿ ಮೇಲೆ ಬರಲು ಇಡೀ ಬೇಸಿಗೆ ಹಿಡಿಯಿತು. ನಡುವೆ ಒಮ್ಮೆ ಮತ್ತೆ ಕೀವಾಯಿತು, ಮತ್ತೆ ಕೊಯ್ದರು, ಮತ್ತೆ ನಾಲ್ವರು ಹಿಡಿದರು. ಡಾಕ್ಟರು ಭಾವನನ್ನು ಎಬ್ಬಿಸಿ ಅಂಗಳದಲ್ಲಿ ನಡೆಸುತ್ತಿದ್ದರು. ಹೊಟ್ಟೆಯನ್ನು ಜೋಲಿಯಂತೆ ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ತೂಗಿಬಿಟ್ಟುಕೊಂಡು ಭಾವ ಬೇವಿನ ಮರದಿಂದ ಬಾವಿಯವರೆಗೆ, ಬಾವಿಯಿಂದ ಬೇವಿನ ಮರದವರೆಗೆ, ಹೆಜ್ಜೆಗೊಂದು ಬೈಗುಳ ಹೇಳುತ್ತಾ ನಡೆಯುತ್ತಿದ್ದ.

ಮುಂಗಾರಿನ ಮೋಡ ಕಟ್ಟಿದಾಗ ಊರಿಗೆ ಬಂದೆವು. ಈ ಸಲ ಡಾಕ್ಟರು ಹೇಳಿದ ಮೇಲೆಯೇ ಜಳಕ. ಮಠದ ಕಟ್ಟೆಯ ಮುಂದೆ ಊರು ಕೂಡಿತು. ಗಂಡಸರು ಒಂದು ಕಡೆ, ನಾವು ಹೆಂಗಸರು ಒಂದು ಕಡೆ. ಆಚೆ ಹೊಲದವನು ಭಾವನನ್ನು ಕಂಡು ಹಿರಿಯರ ಕಡೆ ತಿರುಗಿದ.

"ನಾ ಹೊಡದಾಂವ ಇಂವ ಅಲ್ರಿ. ಅವನು ಇವನ ಮೂರರಷ್ಟು ಇದ್ದ."

ನಗೆ ಎದ್ದಿತು. ಭಾವ ಅಂಗಿ ಎತ್ತಿ, ಜೋತುಬಿದ್ದ ತೊಗಲನ್ನು ಕೈಯಲ್ಲಿ ಹಿಡಿದು ಕಲೆ ತೋರಿಸಿದ. ಮುಷ್ಟಿ ಕೂರುವಂಥ ತಗ್ಗು. ಆಚೆಯವನ ನಗು ಇಂಗಿತು.

"ನಾ ಇಷ್ಟು ಆಳ ಹೊಡದಿದ್ದೆನೇನು?"

"ನೀ ಹೊಡದದ್ದು ಸ್ವಲ್ಪ. ಉಳದದ್ದು ನಮ್ಮನಿ ತುಪ್ಪ ಹೊಡದದ್ದು. ಹಾಕು ನೀರು."

ಅವನು ಹಾಕಿದ. ಇನ್ನು ಭಾವ ಅವನ ನೆತ್ತಿಗೆ ಹಾಕಬೇಕು. ತಂಬಿಗೆ ತೆಗೆದುಕೊಂಡವನು ಹಾಕಲಿಲ್ಲ. ನನ್ನ ಗಂಡನ ಕಡೆ ಚಾಚಿದ.

"ನಾ ಯಾಕ?" ಎಂದರು ನನ್ನ ಗಂಡ.

"ಕಡದಽ ನೀರು ಕುಡಿಯಾಂವ ಅಂದಾಂವ ನೀನು. ನಾ ಹಾಕಿದ್ರ ನನ್ನದು ಮುಗೀತೈತಿ, ನಿಂದು ಮುಗಿಯಂಗಿಲ್ಲ. ಹಾಕಲೇ."

ನನ್ನ ಗಂಡನ ಕಿವಿ ಕೆಂಪಾಗಿದ್ದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ತಂಬಿಗೆಯನ್ನು ಕಸಿದುಕೊಂಡರು. ಬೆರಳು ಬಿಳಿಚುವಷ್ಟು ಬಿಗಿ ಹಿಡಿತ. ತುಂಬಿದ ತಂಬಿಗೆ ಅಂದರೆ ಭಾರದ್ದು, ಅದರ ಪೆಟ್ಟು ನನಗೆ ಗೊತ್ತಿತ್ತು. ಆಚೆಯವನು ತಲೆ ಬಾಗಿಸಿ ಕೂತಿದ್ದ, ಕೂದಲು ಬಾರದ ಆ ಗೆರೆ ಮೇಲಕ್ಕಿತ್ತು. ಇವರು ತೋಳು ಎತ್ತಿದರು. ಅವನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನ ಮುಂಗೈ ಹಿಡಿದಳು. ಅವಳಿಗೆ ಅದು ಯಾರ ಕೈ ಎಂದು ಗೊತ್ತಿತ್ತೋ ಇಲ್ಲವೋ.

ನೀರು ಬಿತ್ತು. ಅವನ ನೆತ್ತಿಯಿಂದ ಹಣೆಗೆ, ಮೂಗಿಗೆ, ಮುರಿದ ಹಲ್ಲಿನ ಬಾಯಿಗೆ ಇಳಿಯಿತು. ತಂಬಿಗೆ ಬರಿದಾದ ಮೇಲೂ ನನ್ನ ಗಂಡ ಅದನ್ನು ಬೋರಲು ಹಿಡಿದೇ ನಿಂತಿದ್ದರು. ಒಬ್ಬ ಹಿರಿಯ ಎದ್ದುಬಂದು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

ಎರಡೂ ಮನೆಗಳಿಗೆ ಇದ್ದದ್ದು ಒಂದೇ ದಾರಿ. ಆಚೆ ಹೊಲದವನು ಮುಂದೆ, ತೊಯ್ದ ತಲೆಯಲ್ಲಿ. ನನ್ನ ಗಂಡ ಅವನ ಹಿಂದೆ, ನಾಲ್ಕು ಮಾರು ಅಂತರದಲ್ಲಿ. ಕೂಸನ್ನು ಕಂಕುಳಲ್ಲಿ ಹೊತ್ತು ನಾನು ಇಬ್ಬರ ಬೆನ್ನನ್ನೂ ನೋಡುತ್ತಾ ನಡೆದೆ. ಅವನು ತನ್ನ ಓಣಿಗೆ ತಿರುಗಿದ. ನನ್ನ ಗಂಡ ಆ ತಿರುವಿನಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ನೆಟ್ಟಗೆ ಮನೆಯ ಕಡೆ ನಡೆದರು.